ಪಾದದ ಗಾಯ: ಮೊದಲು ರಜ್ಜುವೋ, ಧಮನಿಯೋ?

ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದು ಪಾದದ ಮೇಲ್ಭಾಗವನ್ನು ನೋಡಿರಿ. ಚರ್ಮದಡಿಯಲ್ಲಿ ಬಿಗಿದ ಹುರಿಯೊಂದು ಎದ್ದು ಕಾಣುವುದು. ಮೊಣಕಾಲಿನ ಕೆಳಗಣ ಮಾಂಸಖಂಡದ ಎಳೆತವನ್ನು ಬೆರಳಿಗೆ ತಲಪಿಸುವ ಸ್ನಾಯುರಜ್ಜು ಇದು. ಅದರ ಪಕ್ಕದಲ್ಲಿ, ಕಿರುಬೆರಳಿನ ಕಡೆಗೆ, ಬೆರಳ ತುದಿಯನ್ನು ಮೆಲ್ಲನೆ ಊರಿದರೆ ಧಮನಿಯ ಮಿಡಿತ ತಿಳಿಯುತ್ತದೆ. (ಕೆಲವರಲ್ಲಿ ಹುಟ್ಟಿನಿಂದಲೇ ಈ ಮಿಡಿತ ಸಿಕ್ಕುವುದಿಲ್ಲ; ಗಾಬರಿಪಡಬೇಕಾಗಿಲ್ಲ.) ಇವೆರಡೂ ಇಷ್ಟು ನೆರೆಯಲ್ಲಿರುವುದರಿಂದಲೇ, ಕೈಜಾರಿ ಬಿದ್ದ ಮಚ್ಚು ಒಂದೇ ಏಟಿಗೆ ಎರಡನ್ನೂ ಕತ್ತರಿಸಬಲ್ಲುದು.

ಶಸ್ತ್ರವೈದ್ಯನು ಮೊದಲು ಯಾವುದನ್ನು ಹೊಲಿಯಬೇಕು? ಧಮನಿಯನ್ನೇ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಉತ್ತರವು ಅಷ್ಟು ಸುಲಭವಲ್ಲ. ಪಾದಕ್ಕೆ ರಕ್ತವನ್ನೊಯ್ಯುವ ಮುಖ್ಯ ಧಮನಿಗಳು ಎರಡು: ಒಂದು ಮುಂದಿನಿಂದ ಇಳಿದರೆ ಇನ್ನೊಂದು ಒಳಹರಡಿನ ಹಿಂದಿನಿಂದ ಬರುತ್ತದೆ. ಅಂಗಾಲಿನೊಳಗೆ ಇವು ಕಮಾನಿನಂತೆ ಕೂಡಿಕೊಂಡಿವೆ. ಆದುದರಿಂದ ಒಂದು ಕಡಿದರೂ ಸಾಮಾನ್ಯವಾಗಿ ಇನ್ನೊಂದು ಪಾದವನ್ನು ಸಲಹುತ್ತದೆ. ಬೆರಳುಗಳು ಬೆಚ್ಚಗಿದ್ದು, ಉಗುರನ್ನು ಒತ್ತಿ ಬಿಟ್ಟೊಡನೆ ಕೆಂಪು ಮರಳಿದರೆ ವೈದ್ಯನಿಗೆ ಕಾಲಾವಕಾಶವುಂಟು. ಆಗ ರಜ್ಜುವನ್ನೇ ಮೊದಲು ಜೋಡಿಸಬಹುದು. ಅದನ್ನು ಎಳೆದಾಡುವಾಗ ಧಮನಿಯ ಹೊಸ ಹೊಲಿಗೆ ಕಿತ್ತುಹೋಗಬಾರದಷ್ಟೆ. ಪಾದವು ಬಿಳಿಚಿ ತಣ್ಣಗಾಗಿದ್ದರೆ ಲೆಕ್ಕವೇ ಬೇರೆ. ರಕ್ತವಿಲ್ಲದ ಮಾಂಸಖಂಡವು ಸುಮಾರು 6 ಗಂಟೆಗಳಲ್ಲಿ ಮತ್ತೆ ಸರಿಯಾಗದಂತೆ ಕೆಡತೊಡಗುತ್ತದೆ. ಅಲ್ಲಿ ರಜ್ಜುವು ಕಾಯಬೇಕು.

ಸಣ್ಣ ಧಮನಿಯನ್ನು ಹೊಲಿಯುವುದಾದರೂ ಹೇಗೆ? ದುಂಡನೆಯ ಬಾಯಿಯನ್ನು ಮೂರು ಎಳೆಗಳಿಂದ ಮೂರು ಕಡೆಗೆ ಎಳೆದರೆ ಅದು ತ್ರಿಕೋನವಾಗಿ, ಅಂಚುಗಳು ನೇರವಾಗುತ್ತವೆ. ಸೂಜಿಯು ಎದುರಿನ ಗೋಡೆಗೆ ತಗಲದು. 1902ರಲ್ಲಿ ಈ ಉಪಾಯವನ್ನು ಪ್ರಕಟಿಸಿದವನು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್. 1912ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪಾದದ ಮೇಲಿನ ಧಮನಿಯ ವ್ಯಾಸ 2–3 ಮಿಲಿಮೀಟರು ಮಾತ್ರ. ಉದ್ದನೆಯ ಕೊಳವೆಯೊಂದರ ವ್ಯಾಸವನ್ನು ಅರ್ಧಕ್ಕಿಳಿಸಿದರೆ, ಒತ್ತಡವು ಅಷ್ಟೇ ಇರುವಾಗ, ಪ್ರವಾಹವು 16ರಲ್ಲಿ ಒಂದು ಪಾಲಾಗುವುದೆಂದು ಪ್ವಾಸೆಯ ನಿಯಮವು ಹೇಳುತ್ತದೆ. ಹೊಲಿಗೆಯ ಇಕ್ಕಟ್ಟು ಗಿಡ್ಡವಾದುದರಿಂದ ನಷ್ಟವು ಅಷ್ಟಾಗದು. ಆದರೆ ಅಲ್ಲಿಯೇ ರಕ್ತವು ಹೆಪ್ಪುಗಟ್ಟುವ ಭಯವಿದೆ.

ರಜ್ಜುವಿನ ತೊಡಕು ಇನ್ನೊಂದು ಬಗೆಯದು. ಕಡಿದೊಡನೆ ಅದರ ಮೇಲಿನ ತುದಿಯನ್ನು ಮಾಂಸಖಂಡವು ಒಳಕ್ಕೆಳೆದುಕೊಳ್ಳುತ್ತದೆ. ಅದನ್ನು ಹುಡುಕಿ ತರಬೇಕು. ಸಡಿಲವಾಗಿ ಹೊಲಿದರೆ ಹೆಬ್ಬೆರಳು ಜೋಲುತ್ತದೆ, ಬಿಗಿಯಾದರೆ ಮೇಲಕ್ಕೇ ನಿಲ್ಲುತ್ತದೆ. ಹೊಲಿದ ಮೇಲೆ ಎಳೆತ ತಗ್ಗಲೆಂದು ಪಾದವನ್ನು ಮೇಲ್ಮುಖವಾಗಿರಿಸಿ ಕೆಲವು ವಾರಗಳ ಕಾಲ ಪ್ಲಾಸ್ಟರು ಪಟ್ಟಿಯಲ್ಲಿಡುತ್ತಾರೆ. ಧಮನಿಯ ಹೊಲಿಗೆಯು ನಿಂತಿತೇ ಇಲ್ಲವೇ ಎಂಬುದು ಆ ಹೊತ್ತಿಗೆ ಎಂದೋ ತಿಳಿದಿರುತ್ತದೆ. ರಜ್ಜುವಿನದು ತಿಳಿಯುವುದು ಪಟ್ಟಿಯನ್ನು ಬಿಚ್ಚಿ, ರೋಗಿಯು ತನ್ನ ಹೆಬ್ಬೆರಳನ್ನು ತಾನೇ ಎತ್ತಿದಾಗ.