ಕತ್ತರಿಗೆ ಮೂರು ಮಿಲಿಮೀಟರ್

ಬರೆಯುವವರು ಒಬ್ಬರು, ಅಚ್ಚು ಹಾಕುವವರು ಇನ್ನೊಬ್ಬರು, ಅಂಚು ಕತ್ತರಿಸುವವರು ಮತ್ತೊಬ್ಬರು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ಮೂರನೆಯವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕೊನೆಯ ತಿದ್ದುಪಡಿ ಅವರದೇ! ಪುಟದ ಕೆಳತುದಿಯಲ್ಲಿ ‘ಕಲ್ಲು’ ಎಂದಿದ್ದು, ಅಲಗು ತುಸು ಮೇಲೆ ಬಿತ್ತೆನ್ನಿ, ಒತ್ತಕ್ಷರ ಹಾರಿ ‘ಕಲು’ ಆಗುತ್ತದೆ. ‘ಅಕ್ಕ’ ಬರೀ ‘ಅಕ’ ಆಗುತ್ತಾಳೆ. ಇಂಗ್ಲಿಷಿನಲ್ಲಿ ಅಕ್ಷರದ ಬಾಲ ಹೋದೀತು. ನಮ್ಮಲ್ಲಿ ವ್ಯಂಜನವೇ ಹೋಗುತ್ತದೆ.

ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಮಸಿ ಹಾಳೆಯ ಅಂಚಿನ ತನಕ ಬರುತ್ತಲೇ ಇರಲಿಲ್ಲ. ಈಗ ಬಣ್ಣದ ಮುಖಪುಟ ಬೇಕು, ಚಿತ್ರ ಅಂಚಿಗೆ ತಾಗಬೇಕು. ಪಿಡಿಎಫ್ ಮಾಡಿ ಲೋವರ್ ಪರೇಲಿನದೋ ಅಂಧೇರಿಯದೋ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸುತ್ತೇವೆ. ಪ್ರೆಸ್ಸಿನವರು ಮೊದಲು ಕೇಳುವುದೇ, “ಬ್ಲೀಡ್ ಇದೆಯಾ?”

ಹಾಗೆಂದರೆ ಏನು? ದೊಡ್ಡ ಹಾಳೆಯಲ್ಲಿ ಹಲವು ಪುಟ ಅಚ್ಚಾಗಿ, ಮಡಚಿ, ಅಟ್ಟಿ ಕಟ್ಟಿ, ನೂರಾರು ಹಾಳೆಗಳನ್ನು ಒಂದೇ ಏಟಿಗೆ ಕತ್ತರಿಸುತ್ತಾರೆ. ಅಲಗು ಗೆರೆಯ ಮೇಲೇ ಬೀಳುತ್ತದೆಂದು ನಂಬುವಂತಿಲ್ಲ. ಮುಂಬಯಿಯ ಮಳೆಗಾಲದಲ್ಲಂತೂ ಕಾಗದ ತೇವ ಹೀರಿ ಹಿಗ್ಗುತ್ತದೆ. ಬಣ್ಣ ಸರಿಯಾಗಿ ಅಂಚಿಗೇ ನಿಂತಿದ್ದರೆ, ಕತ್ತರಿ ಅರ್ಧ ಮಿಲಿಮೀಟರ್ ಸರಿದರೂ ಬಿಳಿ ಗೆರೆ ಇಣುಕುತ್ತದೆ. ಆದ್ದರಿಂದ ಬಣ್ಣವನ್ನು ಅಂಚಿನಾಚೆಗೆ 3 ಮಿ.ಮೀ. ಚಾಚುತ್ತಾರೆ, ಅದೇ ಬ್ಲೀಡ್. ಕತ್ತರಿ ಬೀಳಬೇಕಾದ ಗೆರೆ ಟ್ರಿಮ್. ಅದರ ಒಳಗೆ ಕನಿಷ್ಠ 5 ಮಿ.ಮೀ. ಬಿಟ್ಟು ಅಕ್ಷರ ಇಡಬೇಕು. ಒತ್ತಕ್ಷರವನ್ನೂ ಸೇರಿಸಿ ಅಳೆಯಿರಿ, ಮರೆಯಬೇಡಿ.

ಲೆಕ್ಕ ಸುಲಭ. ಎ5 ಪುಟ 148 × 210 ಮಿ.ಮೀ. ನಾಲ್ಕೂ ಕಡೆ 3 ಸೇರಿಸಿದರೆ 154 × 216. ಮುಖಪುಟಕ್ಕೆ ಬೆನ್ನಿನ ದಪ್ಪವೂ ಸೇರುತ್ತದೆ. 120 ಪುಟವೆಂದರೆ 60 ಹಾಳೆ; ಹಾಳೆಯ ದಪ್ಪ 0.1 ಮಿ.ಮೀ. ಇದ್ದರೆ ಬೆನ್ನು 6. ಅಂದರೆ 148 + 6 + 148 = 302; ಬ್ಲೀಡ್ ಸೇರಿ 308 × 216.

ಕೆಲವರು ತಯಾರಾದ ಪುಟವನ್ನೇ ಎಳೆದು 154 × 216 ಮಾಡುತ್ತಾರೆ. ಅದು ಸಲ್ಲದು. ಅಗಲ ಶೇ. 4, ಎತ್ತರ ಶೇ. 3ರಷ್ಟು ಹಿಗ್ಗಿ ಅಕ್ಷರ ವಿಕಾರವಾಗುತ್ತದೆ, ಅಂಚಿಗೂ ಸರಿಯುತ್ತದೆ. ಚಾಚಬೇಕಾದ್ದು ಹಿನ್ನೆಲೆಯ ಚಿತ್ರವನ್ನು ಮಾತ್ರ.

ಸ್ಕ್ರೈಬಸ್, ಇನ್‌ಡಿಸೈನ್‌ಗಳಲ್ಲಿ ಪುಟದ ಅಳತೆ 148 × 210 ಎಂದೇ ಕೊಟ್ಟು, ಬ್ಲೀಡ್‌ನ ಜಾಗದಲ್ಲಿ 3 ಎಂದು ತುಂಬಿ. ಪಿಡಿಎಫ್ ಮಾಡುವಾಗ ‘ದಾಖಲೆಯ ಬ್ಲೀಡ್ ಬಳಸು’ ಎಂಬರ್ಥದ ಗುರುತು ಹಾಕದಿದ್ದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಪಿಡಿಎಫ್ ಒಳಗಿನ ಚೌಕಟ್ಟುಗಳಲ್ಲಿ ಮೂರನ್ನು ಗಮನಿಸಬೇಕು: ಹೊರಗಿನದು ಮೀಡಿಯಾಬಾಕ್ಸ್, ಅದರೊಳಗೆ ಬ್ಲೀಡ್‌ಬಾಕ್ಸ್, ಅದರೊಳಗೆ ಟ್ರಿಮ್‌ಬಾಕ್ಸ್. ಪ್ರೆಸ್ಸಿನ ಯಂತ್ರ ಪುಟಗಳನ್ನು ಜೋಡಿಸುವುದು ಕೊನೆಯದನ್ನು ನೋಡಿ. ಬರೀ ವರ್ಡ್ ಇದ್ದವರು ಪುಟವನ್ನೇ 154 × 216 ಮಾಡಿ, ಎಲ್ಲ ಮಾರ್ಜಿನ್‌ಗಳಿಗೂ 3 ಕೂಡಿಸಿ, “ಇದರಲ್ಲೇ ಬ್ಲೀಡ್ ಇದೆ” ಎಂದು ಪ್ರೆಸ್ಸಿಗೆ ಬರೆದುಕೊಡಲಿ.

ಇನ್ನೊಂದು ಮಾತು. ಫಾಂಟುಗಳು ಪಿಡಿಎಫ್ ಒಳಗೇ ಅಡಕವಾಗಿರಲಿ. ನುಡಿ, ಬರಹದ ಹಳೆಯ ಫಾಂಟ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಚಿಹ್ನೆಗಳ ಸಂತೆ ಬರುತ್ತದೆ. ಕನ್ನಡ ಓದಲು ಬಾರದ ಕೆಲಸಗಾರರಿಗೆ ಅದು ತಪ್ಪೆಂದು ಹೇಗೆ ಗೊತ್ತಾಗಬೇಕು? ಈ ಊರಿನಲ್ಲಿ ನಮ್ಮ ಅಕ್ಷರಗಳಿಗೆ ನಾವೇ ಕಾವಲು.

ಮಿತ್ರರೇ, ಜಾಹೀರಾತಿಗೆಂದು ಹೋಟೆಲು ಹೋಟೆಲು ಅಲೆದು ಕೂಡಿಸಿದ ಹಣ ಅದು. ಪ್ರಥಮ ವರ್ಷದ ಹುಡುಗಿಯೊಬ್ಬಳ ಮೊದಲ ಕವಿತೆಯ ಕೊನೆಯ ಸಾಲು ಪುಟದ ಬುಡದಲ್ಲಿರಬಹುದು. ಐನೂರು ಪ್ರತಿ ಕತ್ತರಿಸಿದ ಮೇಲೆ ಅಂಟಿಸಲು ಬರುವುದಿಲ್ಲ. ಒಂದು ಪ್ರತಿ ಅಚ್ಚು ತೆಗೆದು, ಟ್ರಿಮ್ ಗೆರೆಗೆ ಸ್ಕೇಲಿಟ್ಟು, ಕೈಯಾರೆ ಕತ್ತರಿಸಿ ನೋಡಿ. ಆಮೇಲೆ ಸಹಿ ಹಾಕಿ.