ಬಾಸ್ ಬಂಡೆಯ ಹಕ್ಕಿಗಳು

ಚಳಿಗಾಲದಲ್ಲಿ ಮುಂಬಯಿಯ ತೀರಕ್ಕೆ ಬರುವ ಕಡಲಹಕ್ಕಿಗಳನ್ನು ನಾವೆಲ್ಲರೂ ಕಂಡವರೇ. ಈಗ ಕಲ್ಪನೆಯ ದೋಣಿಯೇರಿ, ಜೂನ್ ತಿಂಗಳಿನ ಒಂದು ದಿನ, ಸ್ಕಾಟ್ಲೆಂಡಿನ ಬಾಸ್ ರಾಕ್ ದ್ವೀಪಕ್ಕೆ ಹೋಗೋಣ. ನಾರ್ತ್ ಬೆರಿಕ್ ಬಂದರಿನಿಂದ ನೋಡಿದರೆ, ನೂರು ಮೀಟರಿಗೂ ಮಿಗಿಲಾದ ಆ ಬಂಡೆ ಹಿಮ ಕವಿದಂತೆ ಬೆಳ್ಳಗೆ ತೋರುತ್ತದೆ. ಹಿಮವಲ್ಲ, ಗ್ಯಾನೆಟ್ ಹಕ್ಕಿಗಳು ಮತ್ತು ಅವುಗಳ ಹಿಕ್ಕೆ! ಸಮೀಪಿಸಿದೊಡನೆ, ಬಿರುಗಾಳಿ ಹೊತ್ತು ತರುವ ವಾಸನೆಗೆ ನಾವು ಮೂಗು ಮುಚ್ಚಿಕೊಳ್ಳಲೇಬೇಕು.

ಆ ಗಾಳಿಯೇ ಹಕ್ಕಿಗಳಿಗೆ ಬಲ. ಆರಡಿ ಅಗಲದ ರೆಕ್ಕೆ ಚಾಚಿ ತೇಲುತ್ತ, ಮೀನು ಕಂಡೊಡನೆ 30 ಮೀಟರ್ ಎತ್ತರದಿಂದಲೂ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿ ಬಾಣದಂತೆ ಧುಮುಕುತ್ತವೆ. ಮುಖ ಮತ್ತು ಎದೆಯ ಚರ್ಮದಡಿಯ ಗಾಳಿಚೀಲಗಳು ಪೆಟ್ಟನ್ನು ತಾಳಿಕೊಳ್ಳುತ್ತವೆ. ಕೊಕ್ಕಿನ ಹೊರಗೆ ಮೂಗಿನ ಹೊಳ್ಳೆಗಳೇ ಇಲ್ಲವಾದುದರಿಂದ ನೀರು ಒಳನುಗ್ಗದು. ಇಡುವುದು ಒಂದೇ ಮೊಟ್ಟೆ. ಅದಕ್ಕೆ ಕಾವು ಕೊಡುವುದು ಜಾಲಪಾದಗಳಿಂದ!

2014ರಲ್ಲಿ ಇಲ್ಲಿ 75,000ಕ್ಕೂ ಹೆಚ್ಚು ಗೂಡುಗಳಿದ್ದುವು. ಜಗತ್ತಿನಲ್ಲೇ ಅತಿ ದೊಡ್ಡ ಗ್ಯಾನೆಟ್ ನೆಲೆ ಇದಾಗಿತ್ತು. 2022ರಲ್ಲಿ ಹಕ್ಕಿಜ್ವರ ಎರಗಿತು. ಮರುವರ್ಷ ಎಣಿಸಿದಾಗ ಸಿಕ್ಕಿದುವು ಸುಮಾರು 52,000. ಬದುಕುಳಿದ ಕೆಲವು ಹಕ್ಕಿಗಳ ತಿಳಿನೀಲಿ ಕಣ್ಣುಗಳು ಕಪ್ಪಾಗಿದ್ದುವು. ದೋಣಿ ಹಿಂದಿರುಗುವ ಮುನ್ನ, ಗೂಡಿನ ಮೇಲೆ ಕುಳಿತ ಅಂತಹ ಕರಿಗಣ್ಣಿನ ಹಕ್ಕಿಯೊಂದನ್ನು ದುರ್ಬೀನಿನಲ್ಲಿ ಹುಡುಕೋಣ.