ಇಲಿಗೆ ಬೇಡದ ನೆಲ್ಲಿಕಾಯಿ

ಗುಮಟಾಪುರದ ಹೊಲಗಳಲ್ಲಿ ಬಿಲ ತೋಡುವ ಇಲಿಯು ವರ್ಷವಿಡೀ ಒಣ ರಾಗಿಯನ್ನೇ ತಿಂದರೂ ಅದಕ್ಕೆ ಸ್ಕರ್ವಿ ರೋಗ ತಟ್ಟದು. ಮನುಷ್ಯನಾದರೋ ಅಂತಹ ಆಹಾರದಿಂದ ಕೆಲವೇ ತಿಂಗಳಲ್ಲಿ ವಸಡು ಊದಿ, ರಕ್ತ ಒಸರಿ, ಹಲ್ಲು ಸಡಿಲಗೊಂಡು ಬಳಲುವನು. ಒಣ ಧಾನ್ಯದಲ್ಲಿ ‘ಸಿ’ ಜೀವಸತ್ವವು ಇಲ್ಲವೆನ್ನುವಷ್ಟು ಅಲ್ಪ. ಇಲಿಯು ಅದನ್ನು ತನ್ನ ಯಕೃತ್ತಿನಲ್ಲಿ ಸಕ್ಕರೆಯಿಂದ ತಾನೇ ತಯಾರಿಸಿಕೊಳ್ಳುತ್ತದೆ. ಈ ತಯಾರಿಕೆಯ ಕಡೆಯ ಹಂತವನ್ನು ನಡೆಸುವ ಕಿಣ್ವಕ್ಕೆ ಗುಲೊನೊಲ್ಯಾಕ್ಟೋನ್ ಆಕ್ಸಿಡೇಸ್ ಎಂದು ಹೆಸರು.

ದಂಶಕ ಪ್ರಾಣಿಗಳೆಲ್ಲವೂ ಹೀಗೆಯೇ ಎನ್ನಲಾಗದು. ಗಿನಿಹಂದಿಯು ಹೆಸರಿನಲ್ಲಿ ಹಂದಿಯಾದರೂ ಜಾತಿಯಲ್ಲಿ ದಂಶಕವೇ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ನಾವಿಕರ ಬೆರಿಬೆರಿ ರೋಗವನ್ನು ಅರಿಯಲೆಂದು ಗಿನಿಹಂದಿಗಳಿಗೆ ಧಾನ್ಯವನ್ನಷ್ಟೇ ತಿನ್ನಿಸಿದರು. ಬಂದದ್ದು ಸ್ಕರ್ವಿ! ಎಲೆಕೋಸು, ನಿಂಬೆರಸಗಳಿಂದ ಅದು ಪರಿಹಾರವಾಯಿತು. ಅವರು ಇಲಿಯನ್ನು ಆರಿಸಿಕೊಂಡಿದ್ದರೆ ಈ ಸತ್ಯವು ಕಾಣುತ್ತಲೇ ಇರಲಿಲ್ಲ.

ಎರಡು ದಂಶಕಗಳಲ್ಲಿ ಈ ಭೇದವೇಕೆ? 1988ರಲ್ಲಿ ಜಪಾನಿನ ನಿಶಿಕಿಮಿ ಮತ್ತು ಸಂಗಡಿಗರು ಇಲಿಯ ಯಕೃತ್ತಿನಿಂದ ಆ ಕಿಣ್ವದ ಸಂದೇಶವಾಹಕ ಆರ್.ಎನ್.ಎ.ಗೆ ಡಿ.ಎನ್.ಎ. ಪ್ರತಿಯನ್ನು ರಚಿಸಿ, ಬ್ಯಾಕ್ಟೀರಿಯಾಗಳ ಆಶ್ರಯದಲ್ಲಿ ಅದನ್ನು ಅಸಂಖ್ಯವಾಗಿ ವೃದ್ಧಿಪಡಿಸಿದರು. ಇದೇ ಜೀನಿನ ತದ್ರೂಪೀಕರಣ. ಅದರ ಅಕ್ಷರಗಳನ್ನು ಓದಿದಾಗ, ಕಿಣ್ವವು 440 ಅಮೈನೋ ಆಮ್ಲಗಳ ಸರಪಣಿಯೆಂದು ತಿಳಿಯಿತು.

ವಿದ್ವಾಂಸರು ಒಂದು ಕಾವ್ಯದ ಎರಡು ಓಲೆಪ್ರತಿಗಳನ್ನು ಎದುರುಬದುರಾಗಿಟ್ಟು, ಲಿಪಿಕಾರನು ಬಿಟ್ಟ ಸಾಲುಗಳನ್ನು ಗುರುತಿಸುವರಷ್ಟೆ. ಅಂತೆಯೇ ಆ ವಿಜ್ಞಾನಿಗಳು ಇಲಿಯ ಪ್ರತಿಯೊಡನೆ ಗಿನಿಹಂದಿಯ ಜೀನನ್ನು ಹೋಲಿಸಿ, 1992ರಲ್ಲಿ ಫಲವನ್ನು ಪ್ರಕಟಿಸಿದರು. ಇಲಿಯಲ್ಲಿ ಈ ಬರಹವು 12 ಖಂಡಗಳಾಗಿದೆ. ಗಿನಿಹಂದಿಯಲ್ಲಿ ಮೊದಲನೆಯ ಮತ್ತು ಐದನೆಯ ಖಂಡಗಳೇ ಲುಪ್ತವಾಗಿದ್ದವು. ಉಳಿದ ಖಂಡಗಳಲ್ಲಿಯೂ ಅಕ್ಷರಗಳು ಕೆಟ್ಟಿದ್ದವು. ಓಲೆಯುಂಟು, ಅರ್ಥವಿಲ್ಲ.

ಮನುಷ್ಯನಲ್ಲಿಯೂ ಇದೇ ಜೀನಿನ ಭಗ್ನಾವಶೇಷವಿದೆಯೆಂದು ಅವರು 1994ರಲ್ಲಿ ತಿಳಿಸಿದರು. ಆದರೆ ನಮ್ಮ ನಷ್ಟವೂ ಗಿನಿಹಂದಿಯ ನಷ್ಟವೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಂಶದಲ್ಲಿ ಆದವು. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಸುಂಡಿಲಿಗಳಲ್ಲಿ ಈ ಒಂದು ಜೀನನ್ನು ನಿಷ್ಕ್ರಿಯಗೊಳಿಸಿದರು. ಆಗ ಆ ಸುಂಡಿಲಿಗಳು ಆಹಾರದ ಮೂಲಕ ‘ಸಿ’ ಜೀವಸತ್ವವನ್ನು ಪಡೆಯದೆ ಬದುಕಲಾರದೆ ಹೋದವು. ಕಾರಣವು ಹೀಗೆ ಸ್ಪಷ್ಟವಾಯಿತು.

ವಿದ್ಯಾರ್ಥಿಗಳೇ, ಪೂರ್ವಜರಲ್ಲಿ ಅಳಿದುಹೋದ ಅಕ್ಷರಗಳನ್ನು ನಾವು ಊಟದಿಂದ ಮರಳಿ ಬರೆಯಲಾರೆವು. ಅವುಗಳ ಕೊರತೆಯನ್ನು ಮಾತ್ರ ನೀಗಬಲ್ಲೆವು. ಬೆಟ್ಟದ ನೆಲ್ಲಿಕಾಯಿ, ಸೀಬೆ, ನಿಂಬೆ, ಮೊಳಕೆ ಬಂದ ಹೆಸರುಕಾಳು ಇವು ದುಬಾರಿಯಲ್ಲ. ಹೆಚ್ಚು ಬೇಯಿಸಿದರೆ ‘ಸಿ’ ಜೀವಸತ್ವವು ನಶಿಸುವುದರಿಂದ ಹಸಿಯಾಗಿಯೇ ತಿನ್ನುವುದು ಮೇಲು. ರಾಗಿಮುದ್ದೆಯ ಬಲದೊಡನೆ ಇವುಗಳಲ್ಲೊಂದು ದಿನವೂ ಎಲೆಯ ಮೇಲಿರಲಿ.